ಮೃದಂಗದ ಸೊಲ್ಲಿನಲ್ಲಿ ಬರೆದುಕೊಂಡು ಜಪಾನಿನ ಡ್ರಮ್ ತೈಕೊ ಕಲಿಯಬಹುದಾ? ವರ್ಷದ ಕೊನೆಯ ಕೂಟ ಬೋನೆನ್‌ಕಾಯ್‌ಗೆ ಹೋಗದಿದ್ದರೆ ನಡೆಯುತ್ತಾ?

ಆ ಹಾಳೆಯನ್ನು ದಯವಿಟ್ಟು ಇವತ್ತೇ ಹರಿದು ಹಾಕಿ.

ನಿಮ್ಮದು ಟೋಕಿಯೋದಲ್ಲಿ ಎಂಟು ತಿಂಗಳಿಂದ ತೈಕೊ ಕ್ಲಾಸು. ಊರಲ್ಲಿ ಕಲಿತ ಮೃದಂಗ. ಡಿಸೆಂಬರಿನಲ್ಲಿ ಹಪ್ಪ್ಯೋಕಾಯ್, ಅಂದರೆ ವಿದ್ಯಾರ್ಥಿಗಳ ಪ್ರದರ್ಶನ. ಅದಕ್ಕೆ ಪಾಠವನ್ನೆಲ್ಲ ತಕಧಿಮಿಯಲ್ಲಿ ಬರೆದುಕೊಂಡಿದ್ದೀರಿ, ಬೇಗ ಬಾಯಿಪಾಠ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುವಾಗ ಆರು ವರ್ಷದ ಹಿಂದಿನ ನಾನೇ ಕಂಡೆ.

ಆಗ ನಾನು ಟೋಕಿಯೋದ ನಿಶಿಕಸಾಯ್‌ನಲ್ಲಿದ್ದೆ. ಅಪಾರ್ಟ್‌ಮೆಂಟಿನಲ್ಲಿ ಡ್ರಮ್ ಬಾರಿಸುವ ಮಾತೇ ಇಲ್ಲ. ದಿಂಬಿನ ಮೇಲೆ ಬಾಚಿ, ಅಂದರೆ ಬಾರಿಸುವ ಕೋಲು ಹಿಡಿದು, ಎದುರಿಗೆ ಹಾಳೆ ಇಟ್ಟುಕೊಂಡು ಸಾಧನೆ ಮಾಡುತ್ತಿದ್ದೆ. ಕ್ಲಾಸಿನಲ್ಲಿ ಸೆನ್ಸೆ, ಅಂದರೆ ಗುರುಗಳು, ಬರೆಸುತ್ತಿರಲಿಲ್ಲ, ಬಾಯಲ್ಲಿ ಹೇಳಿಸುತ್ತಿದ್ದರು. ದೊಡ್ಡ ಡ್ರಮ್ಮಿನ ನಡುವೆ ಹೊಡೆದರೆ ದೊನ್, ಬೇಗ ಎರಡು ಹೊಡೆದರೆ ದೊಕೊ, ಅಂಚಿಗೆ ಹೊಡೆದರೆ ಕಾ, ಶಿಮೆ ಅನ್ನುವ ಚಿಕ್ಕ ಡ್ರಮ್ಮಿನ ಮೇಲಾದರೆ ತೆನ್, ತೆಕೆ. ಹೊಡೆಯದೆ ಬಿಡುವ ಜಾಗಕ್ಕೂ ಒಂದು ಉಸಿರಿನ ಸದ್ದಿದೆ, 'ಸು'. ಇದನ್ನು ಕುಚಿ ಶೋಗಾ ಅನ್ನುತ್ತಾರೆ. ನಮ್ಮ ಸೊಲ್ಲಿನ ಹಾಗೇ ಇದೆಯಲ್ಲ, ನನಗೆ ಗೊತ್ತಿರುವ ಅಕ್ಷರಕ್ಕೆ ಬದಲಾಯಿಸಿಕೊಂಡರೆ ಆಯ್ತು ಅಂದುಕೊಂಡೆ. ಇನ್ನೊಂದು ಸಮರ್ಥನೆಯೂ ಇತ್ತು. ಹತ್ತಾರು ಜನ ಸೇರಿ ಬಾರಿಸುವ ಈಗಿನ ಕುಮಿದೈಕೊ ಅಷ್ಟೇನೂ ಹಳೆಯದಲ್ಲ. 1951ರಲ್ಲಿ ನಾಗಾನೊದ ಸುವಾದಲ್ಲಿ ದೈಹಾಚಿ ಓಗುಚಿ ಎಂಬ ಜಾಜ್ ಡ್ರಮ್ಮರ್ ಕಟ್ಟಿದ ಓಸುವಾ ದೈಕೊ ಇದಕ್ಕೆ ದಾರಿ ಹಾಕಿತು. ಅವರಿಗೂ ದೇವಸ್ಥಾನದ ಹಳೆಯ ಸ್ವರಪತ್ರವೊಂದು ಸಿಕ್ಕಿ, ಅದನ್ನು ಬಿಡಿಸುತ್ತಾ ಹೋಗಿಯೇ ಇದೆಲ್ಲ ಶುರುವಾಗಿದ್ದು. ಕಾಗದದಿಂದಲೇ ಹುಟ್ಟಿದ್ದಕ್ಕೆ ಕಾಗದ ಯಾಕೆ ಬೇಡ, ಅಲ್ವಾ?

ಹೊಡೆತಗಳ ಮಟ್ಟಿಗೆ ಹಾಳೆ ಸರಿಯಾಗೇ ಇತ್ತು. ತಪ್ಪಿದ್ದು ಹೊಡೆಯದ ಜಾಗದಲ್ಲಿ.

ನಮ್ಮ ಪಾಠದ ಕೊನೆಯಲ್ಲಿ ಎಲ್ಲರೂ ಜೋರಾಗಿ ಬಾರಿಸಿ ಒಮ್ಮೆಲೇ ನಿಲ್ಲಿಸುತ್ತಿದ್ದೆವು. ಮೌನ. ಆಮೇಲೆ ಹದಿನಾಲ್ಕೂ ಜನ ಒಟ್ಟಿಗೆ ಒಂದು ದೊನ್. ಆ ಮೌನಕ್ಕೆ 'ಮಾ' ಅನ್ನುತ್ತಾರೆ. ಮೃದಂಗದಲ್ಲಿ ನಮಗೆ ಕಾರ್ವೆ, ಹೊಡೆತಗಳ ನಡುವಿನ ಬಿಡುವು, ಅಂದರೆ ಲೆಕ್ಕ. ಒಂದು ಮಾತ್ರೆ ಹೆಚ್ಚು ಕಮ್ಮಿಯಾದರೂ ಮುಕ್ತಾಯ ತಪ್ಪುತ್ತದೆ. ಹಾಗಾಗಿ ನಾನು ಕ್ಲಾಸಿನಲ್ಲಿ ತೊಡೆಯ ಮೇಲೆ ಬೆರಳಿಟ್ಟು ಅಳೆದೆ. ಪ್ರತಿ ಸಲವೂ ಹೆಚ್ಚು ಕಮ್ಮಿ ಎಂಟು ಮಾತ್ರೆ. ಹಾಳೆಯಲ್ಲಿ 8 ಅಂತ ಬರೆದು ಸುತ್ತ ಗೆರೆ ಎಳೆದೆ.

ಅದು ಎಂಟು ಯಾಕೆ ಆಗುತ್ತಿತ್ತು ಅಂತ ನಾನು ಕೇಳಲೇ ಇಲ್ಲ. ಕ್ಲಾಸಿನ ಕೋಣೆ ಚಿಕ್ಕದು, ಸದ್ದು ಹೊರಗೆ ಹೋಗದ ಹಾಗೆ ಗೋಡೆ ಮುಚ್ಚಿದ್ದರು. ಅಲ್ಲಿ ಸದ್ದು ಬೇಗ ಸಾಯುತ್ತದೆ. ಪ್ರದರ್ಶನ ನಡೆದದ್ದು ಎತ್ತರದ ಚಾವಣಿಯ ಹಾಲ್‌ನಲ್ಲಿ. ಒಂದೇ ದಿಮ್ಮಿ ಕೊರೆದು ಮಾಡಿದ ದೊಡ್ಡ ಡ್ರಮ್ ನಾಗಾದೊ ಅಲ್ಲಿ ಗುಂಯ್ ಅಂತ ಉಳಿದೇ ಉಳಿಯುತ್ತದೆ. ನಡುವೆ ನಿಂತ ಹಿರಿಯ ವಿದ್ಯಾರ್ಥಿನಿ ಬಾಚಿ ಎರಡನ್ನೂ ಮೇಲೆತ್ತಿ, ಆ ಸದ್ದು ಪೂರ್ತಿ ಅಡಗಲಿ ಅಂತ ಕಾಯುತ್ತಿದ್ದರು. ಕಾದು, ಉಸಿರು ಎಳೆದುಕೊಂಡು, ಆಮೇಲೆ ಹೊಡೆಯುವುದು. ಉಳಿದವರೆಲ್ಲ ಅವರ ಉಸಿರನ್ನೇ ನೋಡುತ್ತಿದ್ದರು. ನಾನು ಚರ್ಮದ ಅಂಚಿನ ಮೊಳೆಗಳನ್ನು ನೋಡುತ್ತಾ ಒಳಗೊಳಗೇ ಎಣಿಸುತ್ತಿದ್ದೆ. ಆರು, ಏಳು, ಎಂಟು.

ದೊನ್. ನಾನೊಬ್ಬನೇ.

ಅಷ್ಟೇ ಆಗಿದ್ದರೆ ನನ್ನ ಅವಮಾನ ನನಗೆ ಅಂತ ಸುಮ್ಮನಿರಬಹುದಿತ್ತು. ಆ ದೊನ್ ಆದ ಮೇಲೆ ಶಿಮೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯ ಸೋಲೋ ಇತ್ತು. ನನ್ನ ಸದ್ದನ್ನೇ ಸೂಚನೆ ಅಂದುಕೊಂಡು ಅವಳು ಶುರು ಮಾಡಿಬಿಟ್ಟಳು. ಅರ್ಧದಲ್ಲಿ ಗೊತ್ತಾಗಿ ಕೈ ನಿಂತಿತು. ಪಕ್ಕದಿಂದ ಸೆನ್ಸೆ ತಾಳ ಹಿಡಿದು ಅವಳನ್ನು ಎತ್ತಿಕೊಂಡರು, ಪಾಠ ಮುಗಿಯಿತು, ಚಪ್ಪಾಳೆಯೂ ಬಿತ್ತು. ಒಳಗೆ ಹೋದ ಮೇಲೆ ಆ ಮಗು ಗೋಡೆ ಕಡೆ ತಿರುಗಿ, ಪ್ರದರ್ಶನಕ್ಕೆ ತೊಟ್ಟ ಹಪ್ಪಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿತ್ತು. ಅವಳನ್ನು ನೋಡಲೆಂದೇ ಅಜ್ಜಿ ದೂರದ ಅಕಿತಾದಿಂದ ಬಂದಿದ್ದರು.

ಅದಕ್ಕೇ ಹೇಳುತ್ತಿದ್ದೇನೆ, 'ಬೇಗ ಬಾಯಿಪಾಠ ಮಾಡುವುದು ಹೇಗೆ' ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮೃದಂಗ ಗೊತ್ತಿರುವ ಕೈಗೆ ಈ ಹೊಡೆತಗಳು ಹೇಗೂ ಬರುತ್ತವೆ. ಪಕ್ಕದವರ ಭುಜ ನೋಡಿಕೊಂಡು ಬಾರಿಸಲು ನಿಮಗೆ ಬರಬೇಕು, ಅದು ಮನೆಯಲ್ಲಿ ದಿಂಬಿನ ಮುಂದೆ ಬರುವುದಿಲ್ಲ. ಒಬ್ಬರೇ ಮಾಡುವ ಸಾಧನೆ ಕಡಿಮೆ ಮಾಡಿ. ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಡ್ರಮ್ ಹೊರಲು ಕೈ ಕೊಡಿ. ನಾಗಾದೊವನ್ನು ಇಬ್ಬರು ಎತ್ತಿ ಮೆಟ್ಟಿಲಿಳಿಯುವಾಗ ಯಾರೂ ಎಣಿಸುವುದಿಲ್ಲ, ಎದುರಿನವರ ಹೆಜ್ಜೆಗೆ ಹೆಜ್ಜೆ ತಾನಾಗಿ ಸೇರುತ್ತದೆ. ನನ್ನ ಪ್ರಕಾರ ಅದೂ ಪಾಠವೇ.

ಬೋನೆನ್‌ಕಾಯ್ ವಿಷಯ. ಕುಡಿಯಲ್ಲ, ಸಸ್ಯಾಹಾರಿ, ಹಾಗಾಗಿ ಬಿಡ್ತೀನಿ ಅಂತೀರಿ. ಬಿಡಬೇಡಿ. ಹಳೇ ವರ್ಷವನ್ನು ಮರೆಯುವ ಕೂಟ ಅಂತಲೇ ಅದರ ಹೆಸರು. ಊಲಾಂಗ್ ಚಹಾದಲ್ಲೂ ಲೋಟ ಎತ್ತಿ ಕಂಪೈ (ಚಿಯರ್ಸ್) ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಊಟದ ಕಷ್ಟ ನಿಜ. ತೋಫು ಅಂತ ತಂದಿಟ್ಟರೂ ಮೇಲೆ ಸುರಿದ ದಾಶಿ ಅನ್ನುವ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಏರ್ಪಾಡು ನೋಡಿಕೊಳ್ಳುವವರಿಗೆ ಒಂದು ವಾರ ಮುಂಚೆ ಹೇಳಿಡಿ, ಎದಾಮಾಮೆಯೂ (ಬೇಯಿಸಿದ ಎಳೆ ಸೋಯಾ ಕಾಯಿ) ಅನ್ನವೂ ಹೇಗೂ ಸಿಗುತ್ತವೆ. ಮನೆಯಲ್ಲಿ ಸ್ವಲ್ಪ ತಿಂದೇ ಹೊರಡಿ.

ನಾನೂ ಅವತ್ತು ತಪ್ಪಿಸಿಕೊಂಡು ಸ್ಟೇಷನ್ ಕಡೆ ಹೊರಟಿದ್ದೆ. ಬಾಚಿಯ ಚೀಲ ಯಾರೋ ಮೊದಲೇ ಎತ್ತಿಕೊಂಡು ಹೋಗಿದ್ದರು, ಅದಕ್ಕೋಸ್ಕರ ಕೂಟಕ್ಕೆ ಹೋದೆ. ಆ ಹುಡುಗಿ ಎದುರಿಗೇ ಕೂತಿದ್ದಳು. ನಾನು 'ಗೊಮೆನ್ ನೆ', ಕ್ಷಮಿಸು ಅಂದೆ. ಅವಳು ಏನೂ ಹೇಳದೆ ನನ್ನ ಖಾಲಿ ಲೋಟಕ್ಕೆ ಎರಡೂ ಕೈಯಲ್ಲಿ ಜಗ್ ಹಿಡಿದು ಚಹಾ ಬಗ್ಗಿಸಿದಳು. ಅಂಚಿನವರೆಗೆ.

ಕೊನೆಗೆ ಎಲ್ಲರೂ ಎದ್ದು ನಿಂತರು. ಅಲ್ಲಿ ಕೂಟ ಮುಗಿಯುವುದು ಒಂದೇ ಒಂದು ಚಪ್ಪಾಳೆಯಿಂದ. ಒಬ್ಬರು 'ಇಯೋ...' ಅಂತ ಎಳೆಯುತ್ತಾರೆ, ಎಲ್ಲರೂ ಒಟ್ಟಿಗೆ ಒಮ್ಮೆ ಕೈ ತಟ್ಟುತ್ತಾರೆ. ಎಷ್ಟು ಹೊತ್ತು ಎಳೆಯುತ್ತಾರೆ ಅಂತ ಯಾರೂ ಹೇಳಿರುವುದಿಲ್ಲ. ಸೆನ್ಸೆ ನನ್ನ ಕಡೆ ನೋಡಿಕೊಂಡೇ 'ಇಯೋ...' ಅಂದರು. ನಾನು ಅವರ ಎದೆ ಏರುವುದನ್ನು ನೋಡುತ್ತಾ ನಿಂತೆ, ಹುಡುಗಿಯೂ ನೋಡುತ್ತಿದ್ದಳು. ಚಪ್ಪಾಳೆ ಒಂದೇ ಸದ್ದಾಗಿ ಬಿತ್ತು.