ಸಿಮ್ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಏಕೆ ಕೆಲಸ ಮಾಡಲ್ಲ, ತೋಟದ ಕ್ಯಾಮೆರಾ ಹೊರಗಿನಿಂದ ನೋಡೋದು ಹೇಗೆ

ಸರ್, ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಸಾಗರದ ಹತ್ತಿರ ತೋಟದ ಪಂಪ್‌ಹೌಸ್‌ನಲ್ಲಿ 4ಜಿ ಸಿಮ್ ರೂಟರ್, ಅದಕ್ಕೊಂದು ಐಪಿ ಕ್ಯಾಮೆರಾ. ರೂಟರ್‌ನಲ್ಲಿ 8000 ಪೋರ್ಟ್ ಫಾರ್ವರ್ಡ್ ಮಾಡಿದ್ದೀರಿ (ಹೊರಗಿನಿಂದ ಆ ನಂಬರಿನ ಬಾಗಿಲಿಗೆ ಬಂದದ್ದನ್ನು ಕ್ಯಾಮೆರಾಗೆ ಕಳಿಸು ಅಂತ), ಡೈನಮಿಕ್ ಡಿಎನ್‌ಎಸ್ ಹೆಸರೂ (ಐಪಿ ಬದಲಾದರೂ ಅದನ್ನು ಹಿಂಬಾಲಿಸುವ ಹೆಸರು) ಮಾಡಿಸಿದ್ದೀರಿ. ತೋಟದ ವೈಫೈನಲ್ಲಿ ಕ್ಯಾಮೆರಾ ತೆರೆಯುತ್ತೆ, ಮನೆಗೆ ಬಂದರೆ ತೆರೆಯಲ್ಲ. ಐಪಿ ತೋರಿಸುವ ಸೈಟಿನಲ್ಲಿ ಊರು ಚೆನ್ನೈ ಅಂತ ಬರುತ್ತಿದೆ. ಮೇಲೆ ಮೂರು ಜನ ರೂಟರ್ ಬದಲಿಸಿ ಅಂದಿದ್ದಾರೆ. ದಯವಿಟ್ಟು ಬದಲಿಸಬೇಡಿ, ದುಡ್ಡು ದಂಡ. ರೂಟರ್ ಸರಿಯಾಗೇ ಇದೆ, ಅಡ್ಡಿ ಇರೋದು ಸಿಮ್ ಕಂಪನಿಯ ಕಡೆ. ಎಂಥ ರೂಟರ್ ತಂದರೂ ಅದು ಹಾಗೇ ಇರುತ್ತೆ.

ಮೊದಲು ಒಂದು ಪರೀಕ್ಷೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಸಿಮ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಆಮೇಲೆ ಅದೇ ರೂಟರ್‌ನ ವೈಫೈನಲ್ಲಿದ್ದುಕೊಂಡು ಐಪಿ ತೋರಿಸುವ ಸೈಟ್ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ವಿಳಾಸ ಸಿಕ್ಕಿದೆ. ಬೇರೆ ಬೇರೆ ಇದ್ದರೆ, ಅದರಲ್ಲೂ ವ್ಯಾನ್ ಐಪಿ 10ರಿಂದ ಶುರುವಾಗಿದ್ದರೆ ಅಥವಾ 100.64ರಿಂದ 100.127ರ ನಡುವೆ ಇದ್ದರೆ, ನೀವು ಕಂಪನಿಯ ದೊಡ್ಡ ನ್ಯಾಟ್‌ನ (ಒಂದೇ ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚುವ ಯಂತ್ರ) ಹಿಂದಿದ್ದೀರಿ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ 100.78 ಇದೆ. ಆ 100.64 ಶ್ರೇಣಿಯನ್ನು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟರು. ಸುಮಾರು 42 ಲಕ್ಷ ವಿಳಾಸಗಳಿವೆ, ಇಂಟರ್‌ನೆಟ್‌ನಲ್ಲಿ ಒಂದಕ್ಕೂ ನೇರ ದಾರಿ ಇಲ್ಲ.

ಹೀಗೇಕೆ ಅಂದರೆ, ಐಪಿವಿ4 ಅನ್ನುವ ಹಳೇ ವಿಳಾಸ ಪದ್ಧತಿಯಲ್ಲಿ ಇರೋದೇ ಒಟ್ಟು ಸುಮಾರು 430 ಕೋಟಿ ವಿಳಾಸ. ಜಾಗತಿಕ ಸಂಗ್ರಹ 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು, ನಮ್ಮ ಏಷ್ಯಾ ಪೆಸಿಫಿಕ್ ಪಾಲು ಅದೇ ಏಪ್ರಿಲ್‌ನಲ್ಲಿ ಕೊನೆಯ ತುಂಡಿಗೆ ಬಂತು. ಕೋಟಿಗಟ್ಟಲೆ ಸಿಮ್‌ಗೆ ಒಂದೊಂದು ಕೊಡೋಕೆ ಸಾಧ್ಯವೇ ಇಲ್ಲ, ಹಾಗಾಗಿ ಒಂದು ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚುತ್ತಾರೆ. ಒಂದು ವಿಳಾಸಕ್ಕೆ 65,536 ಪೋರ್ಟ್. ಒಬ್ಬರಿಗೆ ಸಾವಿರದಷ್ಟು ಕೊಟ್ಟರೆ ಅರವತ್ತು ಚಿಲ್ಲರೆ ಜನ ಅದೇ ವಿಳಾಸದಲ್ಲಿ ಇರಬಹುದು. ಅವರಲ್ಲಿ ಯಾರೋ ಒಬ್ಬರು ಕಿತಾಪತಿ ಮಾಡಿದರೆ ನಿಮಗೂ ಕ್ಯಾಪ್ಚಾ ಬರೋದು ಇದಕ್ಕೇ.

ಚೆನ್ನೈ ವಿಷಯ. ಸಿಮ್ ಆನ್ ಆದಾಗ ಟವರ್ ನಿಮಗೆ ಐಪಿ ಕೊಡಲ್ಲ. ರೂಟರ್ ತನ್ನ ಗುರುತು ಮತ್ತು ಎಪಿಎನ್ ಹೆಸರು ಹೇಳುತ್ತೆ (ಎಪಿಎನ್ ಅಂದರೆ ಕಂಪನಿಯ ಯಾವ ಡೇಟಾ ಜಾಲಕ್ಕೆ ಸೇರಬೇಕು ಅನ್ನುವ ಹೆಸರು; ಜಿಯೋನೆಟ್, ಬಿಎಸ್‌ಎನ್‌ಎಲ್‌ನೆಟ್ ಇವೆಲ್ಲ ಎಪಿಎನ್‌ಗಳೇ). ಕಂಪನಿಯ ಕೋರ್ ನೆಟ್‌ವರ್ಕ್ ಸಿಮ್ ಪರಿಶೀಲಿಸಿ, ಆ ಎಪಿಎನ್‌ಗೆ ಯಾವ ಗೇಟ್‌ವೇ ಅಂತ ಆರಿಸುತ್ತೆ. ವಿಳಾಸ ಕೊಡೋದು ಆ ಗೇಟ್‌ವೇ. ಟವರ್‌ನಿಂದ ಅಲ್ಲಿಯವರೆಗೆ ನಿಮ್ಮ ಪ್ಯಾಕೆಟ್ ಒಂದು ಟನಲ್‌ನೊಳಗೆ ಹೋಗುತ್ತೆ, ಅದಕ್ಕೆ ಜಿಟಿಪಿ ಅಂತಾರೆ. ಗೇಟ್‌ವೇಗಳು ಇರೋದು ಕೆಲವೇ ದೊಡ್ಡ ಊರುಗಳಲ್ಲಿ, ಇಂಟರ್‌ನೆಟ್‌ಗೆ ನೀವು ಕಾಲಿಡೋದೂ ಅಲ್ಲೇ. ಹಾಗಾಗಿ ಸೈಟುಗಳಿಗೆ ಕಾಣೋದು ಆ ಊರು. ತೋಟದ ರೂಟರ್‌ನಿಂದ ಪಕ್ಕದ ಮನೆಯ ಮೊಬೈಲ್‌ಗೆ ವಿಡಿಯೋ ಕಳಿಸಿದರೂ ಅದು ಗೇಟ್‌ವೇವರೆಗೆ ಹೋಗಿಯೇ ವಾಪಸ್ ಬರಬೇಕು. ಬಸ್ಸಿನಲ್ಲಿ ಹೋಗುತ್ತಾ ಟವರ್ ಬದಲಾದರೂ ಕಾಲ್ ಕಟ್ ಆಗದೆ ಐಪಿ ಅದೇ ಉಳಿಯೋದಕ್ಕೂ ಇದೇ ಕಾರಣ: ಟನಲ್‌ನ ಟವರ್ ತುದಿ ಮಾತ್ರ ಬದಲಾಗುತ್ತೆ, ಗೇಟ್‌ವೇ ತುದಿ ಅಲ್ಲೇ ಇರುತ್ತೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ, ಅಥವಾ ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದರೆ, ಸಾಮಾನ್ಯವಾಗಿ ಹೊಸ ವಿಳಾಸ.

ಈಗ ನಿಮ್ಮ ಫಾರ್ವರ್ಡಿಂಗ್ ಎಲ್ಲಿ ನಿಂತಿತು ಗೊತ್ತಾಯಿತಲ್ಲ. ಡೈನಮಿಕ್ ಡಿಎನ್‌ಎಸ್ ಹೆಸರು ತೋರಿಸುತ್ತಿರೋದು ಕಂಪನಿಯ ನ್ಯಾಟ್ ಯಂತ್ರವನ್ನು. 8000ಕ್ಕೆ ಬಂದ ಪ್ಯಾಕೆಟ್ ಆ ಅರವತ್ತು ಜನರಲ್ಲಿ ಯಾರದ್ದು ಅಂತ ಅದಕ್ಕೆ ಗೊತ್ತಿಲ್ಲ, ಬಿಸಾಕುತ್ತೆ. ನಿಮ್ಮ ರೂಟರ್‌ವರೆಗೆ ಪ್ಯಾಕೆಟ್ ಬರೋದೇ ಇಲ್ಲ. ಒಳಗಿನಿಂದ ಹೊರಗೆ ಮೊದಲು ಹೋದ ಸಂಪರ್ಕಕ್ಕೆ ಉತ್ತರವಾಗಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಆದ್ದರಿಂದ ಸಿಮ್ ಮೇಲೆ ಏನೇ ಕಟ್ಟಿದರೂ, ಕ್ಯಾಮೆರಾ ಇರಲಿ, ಮೋಟರ್ ಸ್ಟಾರ್ಟರ್ ಇರಲಿ, ತೋಟದ ಸಾಧನವೇ ಹೊರಗೆ ಕರೆಮಾಡಿ ಆ ಸಂಪರ್ಕವನ್ನು ಹಿಡಿದುಕೊಂಡಿರಬೇಕು.

ಅತಿ ಸುಲಭದ ದಾರಿ ಕ್ಯಾಮೆರಾದ ಸ್ವಂತ ಪಿ2ಪಿ. ಕ್ಯಾಮೆರಾ ಮೇಲಿನ ಕ್ಯೂಆರ್ ಕೋಡ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಕ್ಲೌಡ್ ಅಥವಾ ಪಿ2ಪಿ ಆನ್ ಮಾಡಿ, ಫಾರ್ವರ್ಡಿಂಗ್ ಎಲ್ಲಾ ಅಳಿಸಿಬಿಡಿ. ಕ್ಯಾಮೆರಾ ಕಂಪನಿ ಸರ್ವರ್‌ಗೆ ತಾನೇ ಸಂಪರ್ಕ ಹಿಡಿದಿರುತ್ತೆ, ನಿಮ್ಮ ಮೊಬೈಲ್ ಕೇಳಿದಾಗ ಸರ್ವರ್ ಇಬ್ಬರನ್ನೂ ನೇರ ಜೋಡಿಸೋಕೆ ನೋಡುತ್ತೆ. ಎರಡೂ ಕಡೆ ಸಿಮ್ ಇದ್ದರೆ ನೇರ ಜೋಡಣೆ ಎಷ್ಟೋ ಸಲ ಆಗಲ್ಲ, ಆಗ ವಿಡಿಯೋ ಸರ್ವರ್ ಮೂಲಕ ಸುತ್ತಿ ಬರುತ್ತೆ. ಮನೆ ಫೈಬರ್‌ನಲ್ಲಿ ಚೆನ್ನಾಗಿ ಬಂದು ಮೊಬೈಲ್ ಡೇಟಾದಲ್ಲಿ ತಡವರಿಸಿದರೆ ಇದೇ ಕಾರಣ, ಸಬ್‌ಸ್ಟ್ರೀಮ್‌ಗೆ (ಕ್ಯಾಮೆರಾದ ಕಡಿಮೆ ಗುಣಮಟ್ಟದ ವಿಡಿಯೋ) ಬದಲಿಸಿ ನೋಡಿ. ಒಂದೇ ಕ್ಯಾಮೆರಾ ಇದ್ದವರಿಗೆ ಇಷ್ಟು ಸಾಕು.

ಮೂರು ನಾಲ್ಕು ಕ್ಯಾಮೆರಾ, ಎನ್‌ವಿಆರ್ (ಕ್ಯಾಮೆರಾಗಳ ರೆಕಾರ್ಡರ್), ತೇವಾಂಶ ಸೆನ್ಸರ್ ಎಲ್ಲಾ ಇದ್ದರೆ, ಅಥವಾ ವಿಡಿಯೋ ಬೇರೆಯವರ ಸರ್ವರ್‌ಗೆ ಹೋಗೋದು ಇಷ್ಟವಿಲ್ಲ ಅಂದರೆ, ವೈರ್‌ಗಾರ್ಡ್ (ಇಂಟರ್‌ನೆಟ್ ಮೇಲೆ ಖಾಸಗಿ ಟನಲ್ ಕಟ್ಟುವ ವಿಪಿಎನ್) ಮಾಡಿ. ಪಬ್ಲಿಕ್ ಐಪಿವಿ4 ಇರುವ ಒಂದು ಸಣ್ಣ ಬಾಡಿಗೆ ಸರ್ವರ್ ಬೇಕು. 1 ಜಿಬಿ ರ‍್ಯಾಮ್ ಧಾರಾಳ ಸಾಕು, ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್ ಆರಿಸಿ, ದೂರದ್ದು ಬೇಡ. ತೋಟದ ರೂಟರ್ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗೆಂದೇ ಇರುವ ಮುಕ್ತ ಸಾಫ್ಟ್‌ವೇರ್) ಅಥವಾ ವೈರ್‌ಗಾರ್ಡ್ ಇರುವ ಬೇರೆ ಯಾವುದಾದರೂ ಆಗಿರಬೇಕು. ನಿಮ್ಮದರಲ್ಲಿ ಆ ಮೆನು ಇಲ್ಲದಿದ್ದರೆ ರೂಟರ್ ಹಾಗೇ ಬಿಟ್ಟು ಪಕ್ಕದಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಡಬಹುದು. ಆಗ ಟನಲ್‌ನ ಜಾಲಕ್ಕೆ ದಾರಿ ಪೈ ಮೂಲಕ ಅಂತ ರೂಟರ್‌ನಲ್ಲಿ ಒಂದು ಸ್ಟ್ಯಾಟಿಕ್ ರೂಟ್ ಹಾಕಬೇಕಾಗುತ್ತೆ.

ಶುರು ಮಾಡುವ ಮುಂಚೆ ತೋಟದ ಒಳಜಾಲವನ್ನು 192.168.1ರಿಂದ 192.168.10ಕ್ಕೆ ಬದಲಿಸಿ. ಮನೆಯ ರೂಟರ್ ಕೂಡ 192.168.1ರಲ್ಲೇ ಇರೋದು ಹೆಚ್ಚು, ಎರಡೂ ಒಂದೇ ಆದರೆ ಮೊಬೈಲ್ ಕ್ಯಾಮೆರಾವನ್ನು ಮನೆಯಲ್ಲೇ ಹುಡುಕುತ್ತಾ ಕೂರುತ್ತೆ. ಟನಲ್‌ಗೆ 192.168.77 ಇಟ್ಟುಕೊಳ್ಳಿ: ಸರ್ವರ್ 1, ತೋಟದ ರೂಟರ್ 2, ನಿಮ್ಮ ಮೊಬೈಲ್ 3. ನೆಟ್‌ನಲ್ಲಿ ಸಿಗುವ ಉದಾಹರಣೆಗಳಲ್ಲಿ ಟನಲ್‌ಗೆ 10ರ ಶ್ರೇಣಿ ಇರುತ್ತೆ. ಸಿಮ್ ಕಂಪನಿಯೂ 10 ಕೊಡಬಹುದು, ಸುಮ್ಮನೆ ಘರ್ಷಣೆ ಏಕೆ.

ಸರ್ವರ್‌ನಲ್ಲಿ 51820 ಯುಡಿಪಿ ತೆರೆಯಿರಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ. ಸರ್ವರ್‌ನ ಫೈರ್‌ವಾಲ್ ಅಲ್ಲದೆ ಬಾಡಿಗೆ ಕೊಟ್ಟವರ ವೆಬ್ ಪ್ಯಾನೆಲ್‌ನಲ್ಲೂ ಬೇರೆ ಫೈರ್‌ವಾಲ್ ಇರಬಹುದು, ಅದನ್ನು ಮರೆಯುವವರೇ ಜಾಸ್ತಿ. ಸರ್ವರ್‌ನಲ್ಲಿ ತೋಟದ ಪಿಯರ್‌ಗೆ (ಟನಲ್‌ನ ಆಚೆ ತುದಿ) ಅಲೌಡ್ ಐಪಿಯಲ್ಲಿ (ಆ ಟನಲ್‌ನಲ್ಲಿ ಹೋಗಬೇಕಾದ ವಿಳಾಸಗಳ ಪಟ್ಟಿ) 192.168.77.2/32 ಮತ್ತು 192.168.10.0/24 ಎರಡೂ ಬೇಕು. ಎರಡನೆಯದು ಬಿಟ್ಟರೆ ರೂಟರ್‌ಗೆ ಪಿಂಗ್ (ತಲುಪುತ್ತಾ ಅಂತ ನೋಡುವ ಸಣ್ಣ ಪ್ಯಾಕೆಟ್) ಹೋಗುತ್ತೆ, ಕ್ಯಾಮೆರಾಗೆ ಹೋಗಲ್ಲ. ಮೊಬೈಲ್‌ನ ಅಲೌಡ್ ಐಪಿಯಲ್ಲಿ 192.168.77.0/24 ಮತ್ತು 192.168.10.0/24 ಮಾತ್ರ ಹಾಕಿ. 0.0.0.0/0 ಹಾಕಿದರೆ ನಿಮ್ಮ ಯೂಟ್ಯೂಬ್ ಕೂಡ ಆ ಸಣ್ಣ ಸರ್ವರ್ ಮೇಲೆ ಬೀಳುತ್ತೆ. ಎಂಡ್‌ಪಾಯಿಂಟ್ (ಕರೆಮಾಡಬೇಕಾದ ಸರ್ವರ್ ವಿಳಾಸ) ಬರೆಯೋದು ರೂಟರ್‌ನಲ್ಲಿ ಮತ್ತು ಮೊಬೈಲ್‌ನಲ್ಲಿ, ಸರ್ವರ್‌ನಲ್ಲಿ ಖಾಲಿ ಬಿಡಿ, ಕರೆ ಬಂದ ಮೇಲೆ ಅದೇ ಕಲಿತುಕೊಳ್ಳುತ್ತೆ. ರೂಟರ್ ಫೈರ್‌ವಾಲ್‌ನಲ್ಲಿ ವೈರ್‌ಗಾರ್ಡ್ ಝೋನ್‌ನಿಂದ ಲ್ಯಾನ್‌ಗೆ ಫಾರ್ವರ್ಡ್ ಬಿಡಿ. ಕ್ಯಾಮೆರಾದಲ್ಲಿ ಐಪಿ ಕೈಯಲ್ಲಿ ಹಾಕಿದ್ದರೆ ಗೇಟ್‌ವೇ ಜಾಗದಲ್ಲಿ 192.168.10.1 ಇದೆಯಾ ನೋಡಿ.

ಇದರಲ್ಲಿ ಕೈಕೊಡೋದು ಮೂರು ಕಡೆ. ಒಂದು ಕೀಪ್‌ಅಲೈವ್, ಅಂದರೆ ಸಂಪರ್ಕ ಸಾಯದಂತೆ ಆಗಾಗ ಕಳಿಸುವ ಖಾಲಿ ಪ್ಯಾಕೆಟ್. ಕಂಪನಿಯ ನ್ಯಾಟ್, ಮೌನವಾಗಿರುವ ಯುಡಿಪಿ ಸಂಪರ್ಕವನ್ನು ಅರ್ಧ ನಿಮಿಷ, ಒಂದು ನಿಮಿಷದಲ್ಲೇ ಮರೆತುಬಿಡಬಹುದು. ರೂಟರ್ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಹಾಕಲೇಬೇಕು. ಹಾಕದಿದ್ದರೆ ತೋಟದಿಂದ ಹೊರಗೆ ಏನಾದರೂ ಹೋದಾಗ ಮಾತ್ರ ಸಂಪರ್ಕ ಜೀವಂತ, ಉಳಿದಂತೆ ಸತ್ತ ಹಾಗೆ. ಎರಡು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಪಿಂಗ್ ಹೋಗುತ್ತೆ, ಲಾಗಿನ್ ಪುಟ ಬರುತ್ತೆ, ವಿಡಿಯೋ ಮಾತ್ರ ಕಪ್ಪು ಅಂದರೆ ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಸಿಕ್ಕಿಬೀಳುತ್ತಿದೆ. ವೈರ್‌ಗಾರ್ಡ್ ಎಂಟಿಯು 1420 ಇರುತ್ತೆ, ಸಿಮ್ ಮೇಲೆ ಎರಡೂ ತುದಿಯಲ್ಲಿ 1280ಕ್ಕೆ ಇಳಿಸಿ.

ಮೂರನೆಯದು ಕರೆಂಟ್ ಹೋಗಿ ಬರುವ ನಮ್ಮ ತೋಟಗಳಲ್ಲೇ ಹೆಚ್ಚು ಕಾಡೋದು: ಗಡಿಯಾರ. ಅಗ್ಗದ ರೂಟರ್‌ನಲ್ಲಿ ಸಮಯ ಉಳಿಸುವ ಬ್ಯಾಟರಿ ಇರಲ್ಲ. ಕರೆಂಟ್ ಹೋಗಿ ಬಂದಾಗ ಹಳೇ ತಾರೀಕಿನಲ್ಲಿ ಎದ್ದೇಳುತ್ತೆ. ವೈರ್‌ಗಾರ್ಡ್ ಸರ್ವರ್, ಹಿಂದೆ ಕಂಡ ಸಮಯಕ್ಕಿಂತ ಹಳೆಯ ಮೊಹರಿನ ಹ್ಯಾಂಡ್‌ಶೇಕ್ ಬಂದರೆ ಒಪ್ಪಲ್ಲ, ಯಾರೋ ಹಳೇ ಪ್ಯಾಕೆಟ್ ನಕಲು ಮಾಡಿ ಕಳಿಸುತ್ತಿದ್ದಾರೆ ಅಂದುಕೊಳ್ಳುತ್ತೆ. ರೂಟರ್‌ನಲ್ಲಿ ಇಂಟರ್‌ನೆಟ್ ಇದೆ, ಕೀ ಸರಿ ಇದೆ, ಟನಲ್ ಮಾತ್ರ ಏಳಲ್ಲ. ಎನ್‌ಟಿಪಿ (ನೆಟ್‌ನಿಂದ ಗಡಿಯಾರ ಸರಿಮಾಡಿಕೊಳ್ಳೋದು) ಆನ್ ಇರಲಿ, ಎನ್‌ಟಿಪಿ ಸರ್ವರ್ ವಿಳಾಸ ಟನಲ್ ಒಳಗಿನದ್ದು ಆಗಿರಬಾರದು. ಸಮಯ ಸರಿಹೋದ ತಕ್ಷಣ ಟನಲ್ ತಾನೇ ಏಳುತ್ತೆ.

ಸರ್ವರ್ ಬಾಡಿಗೆ ಬೇಡ ಅನ್ನುವವರು ಟೇಲ್‌ಸ್ಕೇಲ್ ಅನ್ನುವ ಸಿದ್ಧ ವಿಪಿಎನ್ ಸೇವೆ ಹಾಕಬಹುದು, ಒಳಗೆ ಇರೋದು ವೈರ್‌ಗಾರ್ಡೇ. ಅದನ್ನು ಪೈ ಅಥವಾ ರೂಟರ್‌ನಲ್ಲಿ ಹಾಕಿ 192.168.10.0/24 ಸಬ್‌ನೆಟ್ ಅನ್ನು ಪ್ರಕಟಿಸಿ, ಅಡ್ಮಿನ್ ಪುಟದಲ್ಲಿ ಅನುಮತಿ ಕೊಡಿ. ಅದೂ ಸಾಧನಗಳಿಗೆ ಇದೇ 100.64 ಶ್ರೇಣಿಯ ವಿಳಾಸ ಕೊಡುತ್ತೆ. ನಿಮ್ಮ ಸಿಮ್‌ನದ್ದೂ ಅದೇ ಶ್ರೇಣಿ, ಆದ್ದರಿಂದ ನಿಮಗೆ ಪೈನಲ್ಲಿ ಹಾಕಿ ರೂಟರ್‌ನಿಂದ ಬೇರೆ ಇಡೋದೇ ಒಳ್ಳೆಯದು.

ಐಪಿವಿ6 (ಐಪಿವಿ4ರ ನಂತರದ, ಉದ್ದ ವಿಳಾಸದ ಪದ್ಧತಿ) ಬಗ್ಗೆ ಒಬ್ಬರು ಕೇಳಿದ್ದರು. ಜಿಯೋದಲ್ಲಿ 2409:40, ಏರ್‌ಟೆಲ್‌ನಲ್ಲಿ 2401:4900 ಅಂತ ಶುರುವಾಗುವ ವಿಳಾಸ ಕಾಣುತ್ತಲ್ಲ, ಅದು ನಿಜವಾದ ಪಬ್ಲಿಕ್ ವಿಳಾಸವೇ, ಪ್ರತಿ ಸಂಪರ್ಕಕ್ಕೂ ಇಡೀ ಒಂದು /64 (ವಿಳಾಸಗಳ ಒಂದು ದೊಡ್ಡ ಗುಂಪು) ಸಿಗುತ್ತೆ. ರೂಟರ್‌ನ ಎಪಿಎನ್ ಪುಟದಲ್ಲಿ ಪಿಡಿಎನ್ ಟೈಪ್ ಐಪಿವಿ4ವಿ6 ಮಾಡಿದರೆ ಬರುತ್ತೆ. ಆದರೆ ಹೊರಗಿನಿಂದ ಬರುವ ಸಂಪರ್ಕವನ್ನು ಕಂಪನಿ ತಡೆದಿರಬಹುದು, ರೂಟರ್ ಮತ್ತೆ ಶುರುವಾದಾಗ /64 ಬದಲಾಗುತ್ತೆ, ನೋಡುವ ಕಡೆಯೂ ಐಪಿವಿ6 ಇರಬೇಕು. ಪ್ರಯೋಗ ಮಾಡಿ, ನೆಚ್ಚಿಕೊಳ್ಳಬೇಡಿ.

ಸ್ಟ್ಯಾಟಿಕ್ ಐಪಿ ಸಿಮ್ ಅಂಗಡಿಯಲ್ಲಿ ಸಿಗಲ್ಲ, ಕಂಪನಿಯ ಎಂಟರ್‌ಪ್ರೈಸ್ ವಿಭಾಗದಿಂದ ತೆಗೆದುಕೊಳ್ಳಬೇಕು. ಕೊಳ್ಳುವ ಮುಂಚೆ ಪಬ್ಲಿಕ್ಕೋ ಪ್ರೈವೇಟೋ ಅಂತ ಬರವಣಿಗೆಯಲ್ಲಿ ಕೇಳಿ. ಖಾಸಗಿ ಎಪಿಎನ್‌ನೊಳಗಿನ ಬದಲಾಗದ 10ರ ವಿಳಾಸವನ್ನೂ ಸ್ಟ್ಯಾಟಿಕ್ ಅಂತಲೇ ಮಾರುತ್ತಾರೆ. ಪಬ್ಲಿಕ್ ಸಿಕ್ಕರೂ ಕ್ಯಾಮೆರಾ ಪೋರ್ಟ್ ನೇರ ತೆರೆದಿಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕಾರ್ಖಾನೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹುಡುಕಿ ಹಿಡಿದು ದೊಡ್ಡ ದೊಡ್ಡ ಸೈಟುಗಳನ್ನು ಬೀಳಿಸಿತು. ಅಂಥ ಸ್ಕ್ಯಾನಿಂಗ್ ಇವತ್ತಿಗೂ ನಿಂತಿಲ್ಲ.

ಮೋಟರ್ ಸ್ಟಾರ್ಟರ್ ಇರುವವರಿಗೆ: ಮಿಸ್ಡ್ ಕಾಲ್, ಎಸ್‌ಎಂಎಸ್‌ನಲ್ಲಿ ನಡೆಯುವ ಸ್ಟಾರ್ಟರ್‌ಗೆ ಈ ಐಪಿ ರಗಳೆ ಇಲ್ಲ. ಆದರೆ ಅದು 2ಜಿ ಮಾತ್ರದ್ದಾಗಿದ್ದರೆ ಜಿಯೋ ಸಿಮ್ ಹಾಕಬೇಡಿ, ಜಿಯೋಗೆ 2ಜಿ ಇಲ್ಲವೇ ಇಲ್ಲ. ಆ್ಯಪ್‌ನಲ್ಲಿ ನಡೆಯುವ 4ಜಿ ಸ್ಟಾರ್ಟರ್‌ಗಳು ತಾವೇ ಸರ್ವರ್‌ಗೆ ಸಂಪರ್ಕ ಹಿಡಿದಿರುತ್ತವೆ, ಹೆಚ್ಚಾಗಿ ಎಂಕ್ಯೂಟಿಟಿಯಲ್ಲಿ (ಇಂಥ ಸಾಧನಗಳು ಸಣ್ಣ ಸಂದೇಶ ಕಳಿಸುವ ವಿಧಾನ). ದೀಪ ಉರಿಯುತ್ತಿದ್ದೂ ಆ್ಯಪ್‌ನಲ್ಲಿ ಆಫ್‌ಲೈನ್ ಅಂತ ಪದೇ ಪದೇ ಬಂದರೆ, ಕೀಪ್‌ಅಲೈವ್ ಅವಧಿ ಕಂಪನಿಯ ನ್ಯಾಟ್ ನೆನಪಿಗಿಂತ ಉದ್ದ ಇರಬಹುದು, 60 ಸೆಕೆಂಡ್ ಅಥವಾ ಕಡಿಮೆ ಮಾಡಿಸಿ.

ಡೇಟಾ ಲೆಕ್ಕ ಹಾಕಿಕೊಳ್ಳಿ. 1 ಎಂಬಿಪಿಎಸ್ ವಿಡಿಯೋ ಗಂಟೆಗೆ 450 ಎಂಬಿ ತಿನ್ನುತ್ತೆ, ದಿನವಿಡೀ ಬಿಟ್ಟರೆ 10.8 ಜಿಬಿ. ಸಬ್‌ಸ್ಟ್ರೀಮ್ 512 ಕೆಬಿಪಿಎಸ್ ಇದ್ದರೂ ದಿನಕ್ಕೆ ಐದೂವರೆ ಜಿಬಿ. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಲಾನ್‌ನಲ್ಲಿ ಸದಾ ಕ್ಲೌಡ್ ರೆಕಾರ್ಡಿಂಗ್ ಆಗುವ ಮಾತಲ್ಲ. ರೆಕಾರ್ಡಿಂಗ್ ಎಸ್‌ಡಿ ಕಾರ್ಡ್‌ಗೆ ಹೋಗಲಿ, ಬೇಕಾದಾಗ ಮಾತ್ರ ನೋಡಿ. ಜೊತೆಗೆ ರೂಟರ್‌ನಲ್ಲಿ ಪಿಂಗ್ ವಾಚ್‌ಡಾಗ್ (ನೆಟ್ ಸತ್ತರೆ ರೂಟರ್ ತಾನೇ ಮತ್ತೆ ಶುರುವಾಗುವ ಸೆಟ್ಟಿಂಗ್) ಇದ್ದರೆ ಐದು ನಿಮಿಷಕ್ಕೊಮ್ಮೆ 8.8.8.8ಗೆ ಪಿಂಗ್, ಮೂರು ಸಲ ಸೋತರೆ ರೀಬೂಟ್ ಅಂತ ಇಡಿ. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತಾ ಒಳಗೆ ಐಪಿ ಕಳೆದುಕೊಂಡು ಕೂತ ರೂಟರ್‌ಗೆ ತೋಟದವರೆಗೆ ಓಡಬೇಕಾಗಲ್ಲ.

ನಿಮ್ಮ ರೂಟರ್ ಮಾಡೆಲ್ ಮತ್ತು ಎಪಿಎನ್ ಪುಟದ ಫೋಟೋ ಹಾಕಿ, ವೈರ್‌ಗಾರ್ಡ್ ಅದರಲ್ಲೇ ಆಗುತ್ತಾ, ಪೈ ಬೇಕಾ ಅಂತ ನೋಡಿ ಹೇಳುತ್ತೇನೆ. ಫೋಟೋದಲ್ಲಿ ಐಎಂಇಐ ನಂಬರ್ ಮತ್ತು ವೈಫೈ ಪಾಸ್‌ವರ್ಡ್ ಮರೆಮಾಡಿ.