ಬೀದಿಯ ಸಮಿತಿ, ಮಂಡಳಿಯ ಪೈಪು

ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಬಡಾವಣೆಯ ಮುಖ್ಯರಸ್ತೆಯವರೆಗೆ ಕುಡಿಯುವ ನೀರಿನ ಪೈಪು ಬಂದು ವರ್ಷಗಳೇ ಆಗಿವೆ. ಒಳಗಿನ ಗಲ್ಲಿಗಳಿಗೆ ಮಾತ್ರ ಇಂದಿಗೂ ಬೀದಿ ನಲ್ಲಿ, ಇಲ್ಲವೇ ಟ್ಯಾಂಕರ್. ಮನೆಗೊಂದು ನಲ್ಲಿ ಕೊಡಿ ಎಂದು ಕೇಳಲು ಹೋದರೆ, ‘ಸಮಿತಿ ಮಾಡಿಕೊಂಡು ಬನ್ನಿ, ನಿಮ್ಮ ಪಾಲಿನ ಹಣ ಕೂಡಿಸಿ, ಅಗೆಯುವುದಕ್ಕೆ ಜನ ಕೊಡಿ’ ಎಂಬ ಉತ್ತರ ಸಿಗುತ್ತದಂತೆ. ‘ಉಳ್ಳವರ ಬಡಾವಣೆಗೆ ಪೈಪು ಹಾಕುವಾಗ ಯಾರೂ ಸಮಿತಿ ಕೇಳಲಿಲ್ಲ. ಸಮುದಾಯ ಸಹಭಾಗಿತ್ವ ನಮಗೆ ಮಾತ್ರ ಯಾಕೆ? ಕಚೇರಿಯ ಕೆಲಸವನ್ನು ನಮ್ಮ ತಲೆಗೆ ಕಟ್ಟುವ ಉಪಾಯವಲ್ಲವೇ ಇದು?’ ಎಂಬುದು ಅವರ ಪ್ರಶ್ನೆ. ಬಾಡಿಗೆಗೆ ಇರುವವರ ಗತಿ ಏನು ಎಂದೂ ಕೊನೆಯಲ್ಲಿ ಕೇಳಿದ್ದಾರೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಸುರಕ್ಷಿತ ಕುಡಿಯುವ ನೀರು ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ನಿರ್ಣಯ ಮಾಡಿದೆ. ಆ ಹಕ್ಕು ಬೇಕಾದರೆ ಗುದ್ದಲಿ ಹಿಡಿದು ಬನ್ನಿ ಎಂದು ಬಡವರಿಗೆ ಮಾತ್ರ ಹೇಳುವುದು ಅನ್ಯಾಯ. ನ್ಯಾಯದ ಮಾತು ಹಾಗಿರಲಿ, ಕೆಲಸದ ದೃಷ್ಟಿಯಿಂದಲೂ ಅದು ಸರಿಯಲ್ಲ. ಅನುಭವವಿಲ್ಲದವರು ಹೂತ ಪೈಪಿಗೆ ಆಳ ಸಾಲದಿದ್ದರೆ ಮೇಲೆ ಓಡುವ ವಾಹನಗಳ ಭಾರಕ್ಕೆ ಜಾಯಿಂಟು ಬಿಡುತ್ತದೆ. ನೀರನ್ನು ಹೊತ್ತು ನೋಡಿ ಬಿಡುವ ಕಡೆ ಇದು ಬರೀ ಸೋರಿಕೆಯಾಗಿ ಉಳಿಯುವುದಿಲ್ಲ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಅದೇ ಬಿರುಕಿನಿಂದ ಹೊರಗಿನ ಕೊಳಚೆ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಮನೆಗೆ ಬರುವುದು ಅದೇ. ಪೈಪು ಹೂಳುವುದು, ಒತ್ತಡ ಪರೀಕ್ಷಿಸುವುದು, ಕ್ಲೋರಿನ್ ಪ್ರಮಾಣ ನೋಡುವುದು ಎಲ್ಲ ಪಳಗಿದವರ ಕೆಲಸ. ಆ ಹೊಣೆ ಜಲಮಂಡಳಿಯದು, ಅದನ್ನು ನೀವು ಹೊರಬೇಡಿ.

ಹಾಗೆಂದು ಸಮಿತಿಯೇ ಬೇಡ ಎನ್ನಲಾರೆ. ಮುಖ್ಯರಸ್ತೆಯ ಪೈಪು ಗಲ್ಲಿಯ ಮನೆಗೆ ಬಾರದಿರುವುದಕ್ಕೆ ಎಷ್ಟೋ ಸಲ ನೀರಿನ ಕೊರತೆ ಕಾರಣವಾಗಿರುವುದಿಲ್ಲ. ಅಡ್ಡ ಬರುವುದು ಕಾಗದಪತ್ರ ಮತ್ತು ಒಮ್ಮೆಗೇ ಕಟ್ಟಬೇಕಾದ ಹಣ. ಮೊರಾಕ್ಕೋದ ಟ್ಯಾಂಜಿಯರ್ ನಗರದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಬೀದಿ ನಲ್ಲಿಯಿಂದ ನೀರು ತರುತ್ತಿದ್ದ ಕುಟುಂಬಗಳಲ್ಲಿ ಕೆಲವರಿಗೆ ಮನೆ ಸಂಪರ್ಕಕ್ಕೆ ಬಡ್ಡಿಯಿಲ್ಲದ ಸಾಲದ ವಿವರ ತಿಳಿಸಿ, ಅರ್ಜಿಯ ಓಡಾಟವನ್ನೂ ಅವರ ಮನೆಬಾಗಿಲಲ್ಲೇ ಮುಗಿಸಿಕೊಟ್ಟರು. ಅವರಲ್ಲಿ ಶೇ. 69ರಷ್ಟು ಜನ ನಲ್ಲಿ ಹಾಕಿಸಿಕೊಂಡರು. ಈ ನೆರವು ಸಿಗದವರಲ್ಲಿ ಹಾಕಿಸಿಕೊಂಡವರು ಶೇ. 10 ಮಾತ್ರ. ಕಾಯಿಲೆ ಅಲ್ಲೇನೂ ಕಡಿಮೆಯಾಗಲಿಲ್ಲ, ಯಾಕೆಂದರೆ ಬೀದಿ ನಲ್ಲಿಯ ನೀರೂ ಶುದ್ಧವೇ ಆಗಿತ್ತು. ಆದರೆ ಮನೆಯವರಿಗೆ ಬಿಡುವು ಸಿಕ್ಕಿತು, ನೀರಿಗಾಗಿ ನಡೆಯುತ್ತಿದ್ದ ಜಗಳಗಳು ಇಳಿದವು. ಇದನ್ನು ಸಣ್ಣ ಲಾಭವೆಂದು ಎಣಿಸುವವರು ಎಂದೂ ಕೊಡ ಹೊತ್ತವರಾಗಿರಲಾರರು.

ಢಾಕಾದ ಕೊಳೆಗೇರಿಗಳ ಉದಾಹರಣೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಜಾಗದ ದಾಖಲೆ ಇಲ್ಲದವರಿಗೆ ಸಂಪರ್ಕ ಕೊಡಲು ಅಲ್ಲಿನ ನೀರು ಪ್ರಾಧಿಕಾರದ ನಿಯಮ ಬಿಡುತ್ತಿರಲಿಲ್ಲ. 1990ರ ದಶಕದಲ್ಲಿ ‘ದುಸ್ಥ ಸ್ವಾಸ್ಥ್ಯ ಕೇಂದ್ರ’ ಎಂಬ ಸ್ವಯಂಸೇವಾ ಸಂಸ್ಥೆ ತಾನೇ ಜಾಮೀನು ನಿಂತು, ತನ್ನ ಹೆಸರಲ್ಲಿ ಸಂಪರ್ಕ ಪಡೆಯಿತು. ನಿವಾಸಿಗಳ ಸಮಿತಿಗಳು ಬಿಲ್ಲು ಕಟ್ಟಿದವು, ಖರ್ಚನ್ನು ಕಂತಿನಲ್ಲಿ ತೀರಿಸಿದವು. ಕೊಳೆಗೇರಿಯವರು ದುಡ್ಡು ಕಟ್ಟುವುದಿಲ್ಲ ಎಂಬ ಕಚೇರಿಯ ನಂಬಿಕೆ ಆ ಬಿಲ್ಲುಗಳಿಂದಲೇ ಸಡಿಲವಾಯಿತು. ಕೆಲವು ವರ್ಷಗಳ ನಂತರ ಸಮಿತಿಗಳಿಗೆ ಸ್ವಂತ ಹೆಸರಿನಲ್ಲೇ ಸಂಪರ್ಕ ಸಿಗತೊಡಗಿತು. ಫಿಲಿಪ್ಪೀನ್ಸ್‌ನ ಮನಿಲಾದಲ್ಲೂ ಹಕ್ಕುಪತ್ರದ ಷರತ್ತನ್ನು ಕೈಬಿಟ್ಟ ಮೇಲೆಯೇ ಬಡವರ ಬೀದಿಗಳಿಗೆ ಪೈಪು ಹೋದದ್ದು. ಢಾಕಾದಲ್ಲಿ ಸಮಿತಿಗಳು ಮಾಡಿದ ದೊಡ್ಡ ಕೆಲಸ ನಿಯಮವನ್ನು ಬಗ್ಗಿಸಿದ್ದು. ನಿಮ್ಮ ಸಮಿತಿಯೂ ಅದಕ್ಕಾಗಿ ಇರಲಿ. ಯಾವ ಗಲ್ಲಿಯಲ್ಲಿ ಎಷ್ಟು ಸಂಸಾರಗಳಿವೆ, ಪೈಪು ಎಲ್ಲಿಂದ ತಿರುಗಬೇಕು, ಯಾರು ಎಷ್ಟು ಕಂತು ಕಟ್ಟಬಲ್ಲರು ಎಂಬುದು ನಿಮಗಲ್ಲದೆ ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರವಾಗಿರಿ. ‘ಇಡೀ ಗಲ್ಲಿಗೆ ಒಂದೇ ದೊಡ್ಡ ಮೀಟರ್ ಕೊಡುತ್ತೇವೆ, ಒಳಗೆ ನೀವೇ ಹಂಚಿಕೊಳ್ಳಿ’ ಎಂದು ಕಚೇರಿಯವರು ಹೇಳಬಹುದು. ಅವರಿಗೆ ಅದು ಸುಲಭ, ನೂರು ಬಿಲ್ಲಿನ ಬದಲು ಒಂದೇ ಬಿಲ್ಲು. ನಿಮಗೆ ಅದರಲ್ಲಿ ಎರಡು ಪೆಟ್ಟು. ಹೆಚ್ಚು ಬಳಸಿದಷ್ಟೂ ದರ ಏರುವ ಸ್ಲ್ಯಾಬ್ ಪದ್ಧತಿ ಇದ್ದರೆ, ನೂರು ಸಂಸಾರಗಳ ಬಳಕೆ ಒಂದೇ ಮೀಟರಿನಲ್ಲಿ ಸೇರಿ ಮೇಲಿನ ಸ್ಲ್ಯಾಬಿಗೆ ಹಾರುತ್ತದೆ. ಬಂಗಲೆಯವರು ಲೀಟರಿಗೆ ಕೊಡುವುದಕ್ಕಿಂತ ಹೆಚ್ಚು ದರವನ್ನು ಗಲ್ಲಿಯವರು ಕೊಡಬೇಕಾಗುತ್ತದೆ. ಇನ್ನೊಂದು ಪೆಟ್ಟು ಸೋರಿಕೆಯದು. ದೊಡ್ಡ ಮೀಟರಿನಲ್ಲಿ ಓಡಿದ ನೀರಿಗೂ ಮನೆಗಳಿಗೆ ಮುಟ್ಟಿದ ನೀರಿಗೂ ಇರುವ ಅಂತರದ ಹಣ ಸಮಿತಿಯ ಮೇಲೆ ಬೀಳುತ್ತದೆ. ಅದನ್ನು ಯಾರು ತುಂಬಬೇಕು ಎಂಬ ಜಗಳಕ್ಕೆ ಒಳ್ಳೆಯ ಸಮಿತಿಯೂ ಮುರಿದುಬೀಳಬಹುದು. ಮನೆಗೊಂದು ಮೀಟರನ್ನೇ ಕೇಳಿ. ಜಾಗ ಇಕ್ಕಟ್ಟಾದರೆ ಮನಿಲಾದಲ್ಲಿ ಮಾಡಿದ ಹಾಗೆ ಎಲ್ಲರ ಮೀಟರುಗಳನ್ನೂ ಗಲ್ಲಿಯ ಬಾಯಲ್ಲಿ ಸಾಲಾಗಿ ಕೂರಿಸಿ, ಅಲ್ಲಿಂದ ಮನೆಗಳಿಗೆ ಪೈಪು ಎಳೆಯಬಹುದು. ಒಂದೇ ದೊಡ್ಡ ಮೀಟರಿಗೆ ಒಪ್ಪಲೇಬೇಕಾಗಿ ಬಂದರೆ, ಸ್ಲ್ಯಾಬಿನ ಮಿತಿಯನ್ನು ಸಂಸಾರಗಳ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕುತ್ತೇವೆ ಎಂದು ಬರೆಸಿಕೊಳ್ಳಿ.

ಸಮಿತಿಗೆ ಸಾಧ್ಯವಾಗದ ಕೆಲಸಗಳೂ ಇವೆ. ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ 1993ರಲ್ಲಿ ಶುದ್ಧೀಕರಿಸಿದ ನೀರಿನ ಶೇ. 72ರಷ್ಟು ಸೋರಿಕೆಗೋ ಕಳ್ಳತನಕ್ಕೋ ಹೋಗುತ್ತಿತ್ತು, ನೀರು ಬರುತ್ತಿದ್ದುದು ದಿನಕ್ಕೆ 10 ಗಂಟೆ ಮಾತ್ರ. ಆ ವರ್ಷ ನೀರು ಪ್ರಾಧಿಕಾರದ ಹೊಣೆ ಹೊತ್ತ ಎಕ್ ಸೊನ್ ಚಾನ್ ಎಲ್ಲರಿಗೂ ಮೀಟರ್ ಹಾಕಿಸಿದರು, ಒಪ್ಪದ ಪ್ರಭಾವಿಗಳ ಸಂಪರ್ಕ ಕಡಿಸಿದರು, ಬಡವರಿಗೆ ಸಂಪರ್ಕ ಶುಲ್ಕದಲ್ಲಿ ರಿಯಾಯಿತಿ ಮತ್ತು ಕಂತು ಕೊಟ್ಟರು. ಎರಡು ದಶಕ ಕಳೆಯುವ ಮೊದಲೇ ನಷ್ಟ ಶೇ. 6ರ ಆಸುಪಾಸಿಗೆ ಇಳಿಯಿತು, ನೀರು ದಿನವಿಡೀ ಬರತೊಡಗಿತು. ಅಧಿಕಾರಸ್ಥರ ಅಕ್ರಮ ಪೈಪನ್ನು ಕಡಿಯುವ ಬಲ ಗಲ್ಲಿಯ ಸಮಿತಿಗೆ ಇರುವುದಿಲ್ಲ, ಇರಬೇಕೆಂದು ಕೇಳುವುದೂ ತಪ್ಪು.

ಸಮಿತಿಯಲ್ಲಿ ಯಾರಿರಬೇಕು? ಮನೆಯಲ್ಲಿ ನೀರಿಲ್ಲದ ಕಡೆ, ಪ್ರಪಂಚದ ಲೆಕ್ಕದಲ್ಲಿ, ಹತ್ತರಲ್ಲಿ ಏಳು ಮನೆಗಳಿಗೆ ನೀರು ತರುವವರು ಹೆಂಗಸರು ಮತ್ತು ಹೆಣ್ಣುಮಕ್ಕಳು. ಅವರು ಸಹಿ ಹಾಕಿ ಎದ್ದುಹೋಗುವ ಸದಸ್ಯರಾದರೆ ಸಾಲದು, ಲೆಕ್ಕದ ಪುಸ್ತಕ ಅವರ ಕೈಯಲ್ಲಿರಲಿ. ಟ್ಯಾಂಕರ್ ವ್ಯಾಪಾರದವರನ್ನು ದಯವಿಟ್ಟು ದೂರ ಇಡಿ. ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮೊದಲ ಸಭೆಯಲ್ಲೇ ಕೇಳಿ. ಮನೆಗೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಗೆ ಹೋಗಲೇಬೇಕು, ಚರಂಡಿಯಿಲ್ಲದ ಗಲ್ಲಿಗೆ ನಲ್ಲಿ ಬಂದರೆ ಹೊಸ ರೋಗವೂ ಬರುತ್ತದೆ.

ಇನ್ನು ಬಾಡಿಗೆದಾರರು. ಮಾಲೀಕರ ಒಪ್ಪಿಗೆ ಪತ್ರ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದರೆ ಅವರು ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಅವರು ಅಲ್ಲಿ ವಾಸವಿರುವುದನ್ನು ಸಮಿತಿ ದೃಢೀಕರಿಸಿದರೆ ಸಾಕು ಎಂಬ ಷರತ್ತನ್ನು ಈಗಲೇ ಮಂಡಳಿಯ ಮುಂದಿಡಿ. ನಲ್ಲಿ ಬಂದ ಮರುತಿಂಗಳೇ ಬಾಡಿಗೆ ಏರಿಸುವ ಮಾಲೀಕರೂ ಇರುತ್ತಾರೆ. ಆದ್ದರಿಂದ ಅವರನ್ನೂ ಸಭೆಗೆ ಕರೆದು, ಇಷ್ಟು ಕಾಲ ಏರಿಸುವುದಿಲ್ಲ ಎಂಬ ಒಪ್ಪಂದವನ್ನು ರಸ್ತೆ ಅಗೆಯುವ ಮೊದಲೇ ಬರೆಸಿಕೊಳ್ಳಿ. ಪೈಪು ಹೂತ ಮೇಲೆ ಅವರು ಒಪ್ಪುವುದು ಕಷ್ಟ.