ಜುಲೈ ತಿಂಗಳ ಸಂಬಳ ಕೊಡ್ತೀರಾ?

ಈ ಸಲ ಬಂದ ಪತ್ರಗಳನ್ನು ಎರಡು ಕಟ್ಟು ಮಾಡಿಟ್ಟೆ. ಒಂದರಲ್ಲಿ ಮಕ್ಕಳು, "ಕೊಡಗಿನಲ್ಲಿ ಕೆಲಸ ಇಲ್ಲ" ಅಂತ ಬರೆದಿದ್ದಾರೆ. ಇನ್ನೊಂದರಲ್ಲಿ ತೋಟದವರು, "ಕೆಲಸಕ್ಕೆ ಜನ ಇಲ್ಲ" ಅಂತ ಬರೆದಿದ್ದಾರೆ. ಇಬ್ಬರದ್ದೂ ಸುಳ್ಳಲ್ಲ. ಎಸ್ಟೇಟ್ ಕಚೇರಿಯಲ್ಲಿ ವರ್ಷಗಟ್ಟಲೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದು, ಈಗ ಹುಡುಗರಿಗೆ ಉದ್ಯೋಗದ ದಾರಿ ಹೇಳುತ್ತಾ ಕೂತಿರುವ ನನಗೆ ಎರಡೂ ಕಡೆಯ ಸಂಕಟ ಗೊತ್ತು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಬಿ.ಕಾಂ. ಮುಗಿಸಿದ್ದೇನೆ. ಮನೆಯಲ್ಲಿ ಮೂರು ಎಕರೆ ರೋಬಸ್ಟಾ ಕಾಫಿ ತೋಟ ಇದೆ. ಬೆಂಗಳೂರಿನಲ್ಲಿ ತಿಂಗಳಿಗೆ 22 ಸಾವಿರದ ಕೆಲಸ ಸಿಕ್ಕಿದೆ. ಇಲ್ಲೇ ಹತ್ತಿರದ ಎಸ್ಟೇಟ್‌ನಲ್ಲಿ ರೈಟರ್ (ಲೆಕ್ಕ ಬರೆಯುವ) ಕೆಲಸಕ್ಕೆ 16 ಸಾವಿರ, ಇರಲು ಮನೆ ಕೊಡ್ತಾರಂತೆ. "ಇಷ್ಟು ಓದಿ ತೋಟದ ಕೆಲಸಕ್ಕೆ ಹೋಗ್ತೀಯಾ" ಅಂತ ಅಪ್ಪ ಬೈತಾರೆ. ಏನು ಮಾಡಲಿ ಸರ್? (ಸೋಮವಾರಪೇಟೆ ಕಡೆಯ ಓದುಗ)

ಮೊದಲು ಅಪ್ಪನ ಮಾತು. ನಮ್ಮಲ್ಲಿ ಒಂದು ವಿಚಿತ್ರ ಇದೆ. "ಮಗ ಏನು ಮಾಡ್ತಿದ್ದಾನೆ" ಅಂತ ಕೇಳಿದರೆ, "ಕೆಲಸ ಏನಿಲ್ಲ, ತೋಟ ನೋಡ್ಕೊಳ್ತಾನೆ" ಅನ್ನುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ತೋಟ ನೋಡಿಕೊಳ್ಳುವುದು ಕೆಲಸವೇ ಅಲ್ಲ! ಅಪ್ಪನನ್ನು ದೂರುತ್ತಿಲ್ಲ. ಕಾಫಿಗೆ ಬೆಲೆ ಇಲ್ಲದ ವರ್ಷಗಳನ್ನು ಕಂಡವರು ಅವರು.

ಈಗ ಲೆಕ್ಕ. ಒಂದು ಹಾಳೆಯಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಬಸ್ ಖರ್ಚು ಎಲ್ಲ ಬರೆಯಿರಿ. 22 ಸಾವಿರದಲ್ಲಿ ಅದನ್ನು ಕಳೆಯಿರಿ. ಉಳಿದದ್ದನ್ನು ರೈಟರ್ ಸಂಬಳದಲ್ಲಿ ಉಳಿಯುವ ಹಣದ ಪಕ್ಕ ಇಡಿ. ನಿಮಗೇ ಆಶ್ಚರ್ಯವಾಗಬಹುದು.

ಆದರೆ ಇಷ್ಟಕ್ಕೇ ಎಸ್ಟೇಟ್‌ಗೆ ಸೇರಿಬಿಡಿ ಅನ್ನುವುದಿಲ್ಲ. ರೈಟರ್ ಕೆಲಸದ ಏಣಿ ಗಿಡ್ಡ. ಹಾಜರಿ ಬರೆಯುವುದು, ಗೊಬ್ಬರದ ದಾಸ್ತಾನು, ಸಂಜೆ ಹಣ್ಣು ತೂಗುವುದು, ವಾರದ ಬಟವಾಡೆ, ಪಿ.ಎಫ್. ಕಾಗದ. ಇದನ್ನು ಮೂವತ್ತು ವರ್ಷ ಮಾಡಿ ರೈಟರ್ ಆಗಿಯೇ ನಿವೃತ್ತರಾದವರು ನನಗೆ ಬೇಕಾದಷ್ಟು ಜನ ಗೊತ್ತು. ಮ್ಯಾನೇಜರ್ ಕುರ್ಚಿಗೆ ಎಷ್ಟೋ ಕಡೆ ಹೊರಗಿನಿಂದಲೇ ಜನ ತರುತ್ತಾರೆ.

ಅದಕ್ಕೇ ಸೇರುವುದಾದರೆ ಎರಡು ವರ್ಷದ ಶಾಲೆ ಅಂತ ಸೇರಿ. 50 ಕಿಲೋ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಿಂದ ಎಷ್ಟು ಕಿಲೋ ಕಾಫಿ ಬೇಳೆ ಇಳಿಯುತ್ತದೆ ಅನ್ನುವ ಔಟ್‌ಟರ್ನ್ ಲೆಕ್ಕವನ್ನು ಕೈಯಾರೆ ಕಲಿಯಿರಿ. ಕಾಫಿ ಒಣಗಿಸುವ ಕಣದಲ್ಲಿ ತೇವಾಂಶ ನೋಡಲು ಕಲಿಯಿರಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹತ್ತಿರ ನಿಂತು, ಪಾರ್ಚ್‌ಮೆಂಟ್ (ಸುಲಿದು ತೊಳೆದು ಒಣಗಿಸುವ ಬೀಜ) ಹೇಗೆ ಹಾಳಾಗುತ್ತದೆ ನೋಡಿ. ಇದರ ಜೊತೆ ನಿಮ್ಮ ಬಿ.ಕಾಂ. ಇದ್ದರೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಸಂಸ್ಕರಿಸುವ ಘಟಕಗಳಲ್ಲಿ), ರಫ್ತು ಮಾಡುವವರ ಕಚೇರಿಗಳಲ್ಲಿ ನಿಮಗೆ ಬೇರೆಯೇ ಬೆಲೆ. ಲೆಕ್ಕ ಗೊತ್ತಿರುವವರು ಸಿಗುತ್ತಾರೆ, ಕಾಫಿ ಗೊತ್ತಿರುವವರೂ ಸಿಗುತ್ತಾರೆ. ಎರಡೂ ಗೊತ್ತಿರುವವರು ಕಮ್ಮಿ.

ಹೊಸ ಕೆಲಸವೂ ಹುಟ್ಟುತ್ತಿದೆ. ಕಾಡು ಕಡಿದು ಬೆಳೆದ ಕಾಫಿ ಬೇಡ ಅಂತ ಯುರೋಪ್ ಒಕ್ಕೂಟ ಕಾನೂನು ತಂದಿದೆ. ತೋಟ ಎಲ್ಲಿದೆ ಅನ್ನುವುದನ್ನು ನಕ್ಷೆಯ ಸಮೇತ ತೋರಿಸಬೇಕು. ಜಾರಿಯ ದಿನ ಒಂದಲ್ಲ ಎರಡು ಸಲ ಮುಂದೆ ಹೋಗಿದೆ, ಆದರೆ ಕೊಳ್ಳುವವರು ಆಗಲೇ ಕಾಗದ ಕೇಳುತ್ತಿದ್ದಾರೆ. ಮೂರು, ಐದು ಎಕರೆಯ ಬೆಳೆಗಾರರಿಗೆ ಇದನ್ನು ಮಾಡಿಕೊಡುವವರು ಬೇಕು. ಕಾಫಿ ಹುರಿಯುವುದು, ರುಚಿ ನೋಡುವುದು ಇಷ್ಟವಾದರೆ ಕಾಫಿ ಮಂಡಳಿಯ 'ಕಾಪಿ ಶಾಸ್ತ್ರ' ತರಬೇತಿ ಇದೆ. ಮಂಡಳಿಯ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಮಾತ್ರ ವಿಜ್ಞಾನ, ಕೃಷಿ ಓದಿದವರಿಗೆ ಹೊಂದುವಂಥದ್ದು.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮನೆಯ ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್. ಎಸ್ಟೇಟ್ ಕೂಡ ರೋಬಸ್ಟಾದ್ದೇ ಆದರೆ ಆ ಮೂರು ತಿಂಗಳು ನಿಮಗೆ ಒಂದು ದಿನವೂ ರಜೆ ಸಿಗುವುದಿಲ್ಲ. ಮನೆಯ ಹಣ್ಣು ಗಿಡದಲ್ಲೇ ಒಣಗುತ್ತದೆ. ನಿಮ್ಮ ಕಡೆ ಅರೇಬಿಕಾ ತೋಟಗಳೂ ಇವೆಯಲ್ಲ. ಅದರ ಕೊಯ್ಲು ನವೆಂಬರ್‌ಗೆ ಶುರುವಾಗಿ ಜನವರಿ ಹೊತ್ತಿಗೆ ಮುಗಿಯುತ್ತದೆ. ಅಂಥ ಎಸ್ಟೇಟ್ ಆದರೆ ಎರಡೂ ನಡೆಯುತ್ತದೆ. 2024ರಲ್ಲಿ ರೋಬಸ್ಟಾ ಚೆರ್ರಿ ಚೀಲಕ್ಕೆ 10 ಸಾವಿರ ದಾಟಿದ್ದನ್ನು ನೋಡಿದಿರಲ್ಲ, ಆ ಮೂರು ಎಕರೆಯನ್ನು ಲೆಕ್ಕದಿಂದ ಬಿಡಬೇಡಿ. ಹಾಗಂತ ಆ ಬೆಲೆ ಪ್ರತಿ ವರ್ಷ ಬರುತ್ತದೆ ಅಂತ ಸಾಲವನ್ನೂ ಮಾಡಬೇಡಿ.

ನಾನು ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದೇನೆ. ಮೇ ತಿಂಗಳವರೆಗೆ ರಜೆಯೇ ಇಲ್ಲದೆ ದುಡಿಸಿಕೊಂಡು, ಮಳೆ ಶುರುವಾದ ಮೇಲೆ "ಗೆಸ್ಟ್ ಬಂದಾಗ ಕರೀತೀವಿ" ಅಂತ ಮನೆಗೆ ಕಳಿಸಿದರು. ಮೇ ತಿಂಗಳ ಹತ್ತು ದಿನದ ಸಂಬಳವೂ ಬಾಕಿ. ಕೇಳೋಕೆ ಭಯ ಆಗುತ್ತೆ. (ವಿರಾಜಪೇಟೆ ತಾಲ್ಲೂಕಿನ ಓದುಗರು)

ಅಕ್ಕಾ, ಭಯ ಬೇಡ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ದುಡಿದ ಹತ್ತು ದಿನದ ಸಂಬಳ ನಿಮ್ಮ ಹಕ್ಕು. ಅದಕ್ಕೆ ಗೆಸ್ಟ್ ಬರುವುದಕ್ಕೂ ಬಾರದೆ ಇರುವುದಕ್ಕೂ ಸಂಬಂಧ ಇಲ್ಲ. ಮೊದಲು ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿ: ಯಾವ ದಿನದಿಂದ ಯಾವ ದಿನದವರೆಗೆ ದುಡಿದೆ, ಎಷ್ಟು ಬರಬೇಕು. ಬಾಯಿಮಾತಿಗಿಂತ ಬರಹ ವಾಸಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಕೊಡಿ. ಹಾಜರಿಯ ಫೋಟೊ, ಹಿಂದಿನ ತಿಂಗಳ ಬ್ಯಾಂಕ್ ಜಮೆ, ಯೂನಿಫಾರ್ಮ್ ಹಾಕಿಕೊಂಡ ಫೋಟೊ ಕೂಡ ಸಾಕ್ಷಿಯಾಗುತ್ತದೆ. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರೆ ಖಾತೆಗೆ ಕಟ್ಟಿದ್ದಾರಾ ಅಂತ ಉಮಂಗ್ ಆ್ಯಪ್‌ನಲ್ಲಿ ನೋಡಿ. ಹಿಡಿದು ಕಟ್ಟದೆ ಬಿಟ್ಟವರನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ಮನೆಗೆ ಕಳಿಸುವುದು ಇನ್ನೊಂದು ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಕೊಡಗಿನ ಪ್ರವಾಸೋದ್ಯಮಕ್ಕೆ ಮಳೆ ಅಂದರೆ ಒಂದು ನಡುಕ ಸೇರಿಕೊಂಡಿತು. 2019ರಲ್ಲಿ ಮತ್ತೆ ಪ್ರವಾಹ. 2020ರಲ್ಲಿ ಕೊರೊನಾ, ಅದೇ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿತ. ಈಗಲೂ ಜೋರು ಮಳೆಯ ಸುದ್ದಿ ಟಿ.ವಿ.ಯಲ್ಲಿ ಬಂದರೆ ಸಂಜೆಯೊಳಗೆ ಬುಕಿಂಗ್ ರದ್ದಾಗುತ್ತದೆ. ಮಾಲೀಕರಿಗೂ ಕಷ್ಟ ಇದೆ, ಒಪ್ಪುತ್ತೇನೆ. ಆದರೆ ವಾರಾಂತ್ಯದಲ್ಲಿ ರೂಮಿಗೆ ದುಪ್ಪಟ್ಟು ಬಾಡಿಗೆ ತೆಗೆದುಕೊಂಡಾಗ ನಿಮಗೆ ದುಪ್ಪಟ್ಟು ಕೊಟ್ಟಿದ್ದರಾ? ಇಲ್ಲ ಅಲ್ವಾ. ಹಾಗಾದರೆ ಖಾಲಿ ತಿಂಗಳ ನಷ್ಟ ಮಾತ್ರ ನಿಮ್ಮ ಪಾಲಿಗೆ ಯಾಕೆ?

ಮುಂದಿನ ಸಲ ಕೆಲಸಕ್ಕೆ ಸೇರುವಾಗ "ಸಂಬಳ ಎಷ್ಟು" ಅಂತ ಕೇಳುವ ಮೊದಲು "ಜುಲೈ ತಿಂಗಳ ಸಂಬಳ ಕೊಡ್ತೀರಾ" ಅಂತ ಕೇಳಿ. ತಿಂಗಳಿಗೆ 15 ಸಾವಿರ ಅಂತ ಹೇಳಿ ಎಂಟು ತಿಂಗಳು ಕೊಟ್ಟರೆ ವರ್ಷಕ್ಕೆ 1 ಲಕ್ಷ 20 ಸಾವಿರ. 12 ಸಾವಿರ ಅಂತ ಹೇಳಿ ಹನ್ನೆರಡು ತಿಂಗಳೂ ಕೊಟ್ಟರೆ 1 ಲಕ್ಷ 44 ಸಾವಿರ. ಕಮ್ಮಿ ಸಂಬಳದ ಕೆಲಸವೇ ಜಾಸ್ತಿ ಕೊಡ್ತು ನೋಡಿ. ದೊಡ್ಡ ರೆಸಾರ್ಟ್‌ಗಳು ಮದುವೆ, ಕಂಪನಿ ಸಭೆ ಅಂತ ವರ್ಷವಿಡೀ ನಡೆಯುತ್ತವೆ. ನಾಲ್ಕೈದು ರೂಮಿನ ಹೋಮ್‌ಸ್ಟೇಗಳಲ್ಲಿ ಇದು ಕಷ್ಟ. ಅಲ್ಲಿ ಅಡುಗೆ ಬಲ್ಲವರನ್ನು ಮಾತ್ರ ಕೊನೆಯವರೆಗೆ ಉಳಿಸಿಕೊಳ್ಳುತ್ತಾರೆ. ಪಂದಿ ಕರಿ, ಕಡುಬು ಮಾಡುವ ಕೈಗೆ ಯಾವ ತಿಂಗಳಲ್ಲೂ ಕೆಲಸ ಇದೆ.

ಹನ್ನೆರಡು ಎಕರೆ ತೋಟ ಇದೆ. ಕಳೆದ ಕೊಯ್ಲಿನಲ್ಲಿ ಹಣ್ಣು ಉದುರಿತು, ಕೊಯ್ಯಲು ಜನ ಇರಲಿಲ್ಲ. ಮುಂಗಡ ಕೊಟ್ಟ ಅಸ್ಸಾಮಿಗಳು ರಾತ್ರೋರಾತ್ರಿ ಬೇರೆ ತೋಟಕ್ಕೆ ಹೋದರು. ಊರಿನ ಹುಡುಗರು ಪೇಟೆಯಲ್ಲಿ ಸುಮ್ನೆ ಕೂತಿರುತ್ತಾರೆ. ಇದಕ್ಕೆ ಏನು ಪರಿಹಾರ? (ಸಿದ್ದಾಪುರ ಸಮೀಪದ ಬೆಳೆಗಾರರು)

ಪೇಟೆಯಲ್ಲಿ ಕೂತ ಹುಡುಗರನ್ನು ಸ್ವಲ್ಪ ಪಕ್ಕಕ್ಕಿಡೋಣ. ಅವರು ಬರಲಿಲ್ಲ ಅಂತ ಬೈಯುವ ನಾವು, ನಮ್ಮ ಮಗನನ್ನು ಇನ್ನೊಬ್ಬರ ತೋಟಕ್ಕೆ ಹಣ್ಣು ಕೊಯ್ಯಲು ಕಳಿಸುತ್ತೇವಾ?

ಒಂದು ಕಾಲದಲ್ಲಿ ತೋಟದ ಆಳುಗಳ ಲೈನ್ ಮನೆಗಳಲ್ಲಿ ಯರವರು, ಪಣಿಯರು, ಕುರುಬರು ತಲೆಮಾರುಗಟ್ಟಲೆ ಇದ್ದರು. ಅವರ ಮಕ್ಕಳು ಓದಿದರು, ಬೇರೆ ಕೆಲಸ ನೋಡಿಕೊಂಡರು. ಒಳ್ಳೆಯದೇ ಆಯಿತು. ಆ ಜಾಗಕ್ಕೆ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದವರು ಬಂದರು. ಅವರಿಗೆ ನಿಮ್ಮ ತೋಟ ಬೇಕಾಗಿಲ್ಲ, ಕೊಯ್ಲಿನ ನಾಲ್ಕು ತಿಂಗಳಲ್ಲಿ ಎಷ್ಟು ಕಿಲೋ ಕೊಯ್ಯಬಹುದು ಅನ್ನುವುದು ಬೇಕು. ಕಿಲೋಗೆ ಎಂಟಾಣೆ ಜಾಸ್ತಿ ಕೊಡುವವರ ಜೀಪು ಬಂದರೆ ಹತ್ತಿಕೊಂಡು ಹೋಗುತ್ತಾರೆ. ಕಾಫಿಗೆ ಬೆಲೆ ಜಾಸ್ತಿ ಸಿಗುವ ಕಡೆ ನೀವು ಮಾರುವುದಿಲ್ಲವಾ? ಅದೂ ಹಾಗೇ.

ಮುಂಗಡದ ವಿಷಯದಲ್ಲಿ ಎಚ್ಚರ. ಮುಂಗಡ ಕೊಟ್ಟಿದ್ದೇನೆ ಅಂತ ಹೋಗದಂತೆ ತಡೆದರೆ, ಆಧಾರ್ ಕಾರ್ಡ್ ಕಿತ್ತಿಟ್ಟುಕೊಂಡರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಜನ ಕರೆತರುವ ಮೇಸ್ತ್ರಿ ಕೈಗೆ ದೊಡ್ಡ ಮೊತ್ತ ಕೊಡುವುದನ್ನು ಬಿಡಿ. ವಾರ ವಾರ ಸಂತೆಯ ಮೊದಲು ಪೂರ್ತಿ ಬಟವಾಡೆ ಮಾಡಿ, ಕೊಯ್ಲು ಮುಗಿಯುವವರೆಗೆ ಉಳಿದವರಿಗೆ ಕೊನೆಯಲ್ಲಿ ಕಿಲೋ ಲೆಕ್ಕದ ಬೋನಸ್ ಕೊಡಿ. ಒದ್ದೆಯಾಗದ ಮನೆ, ಶೌಚಾಲಯ, ಮಗುವನ್ನು ಬಿಡಲು ಅಂಗನವಾಡಿ ಇದ್ದ ತೋಟಕ್ಕೆ ಅದೇ ಕುಟುಂಬ ಮರುವರ್ಷವೂ ಬಂದದ್ದನ್ನು ನಾನು ನೋಡಿದ್ದೇನೆ. ಅವರ ಊರಿನ ರೇಷನ್ ಕಾರ್ಡ್‌ನಲ್ಲಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಅದನ್ನು ಮಾಡಿಸಿಕೊಡಿ, ಅರ್ಧ ದಿನದ ಓಡಾಟ ಅಷ್ಟೇ.

ಊರಿನವರು ಬೇಕು ಅಂದರೆ ದಾರಿ ಬೇರೆ. ನೀವು, ಅಕ್ಕಪಕ್ಕದ ನಾಲ್ಕೈದು ಬೆಳೆಗಾರರು ಸೇರಿ ಆರು ಜನರ ಒಂದು ತಂಡಕ್ಕೆ ವರ್ಷಪೂರ್ತಿ ಸಂಬಳ ಕೊಡಿ. ಜನವರಿಯಲ್ಲಿ ಕೊಯ್ಲು, ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್, ಮಾರ್ಚ್‌ನಲ್ಲಿ ಕರಿಮೆಣಸು, ಆಮೇಲೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕಪಾತು (ಕಾಫಿ ಗಿಡದ ಕೊಂಬೆ ಸವರುವುದು), ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣದ ಸಿಂಪಡಣೆ. ಮಳೆಗಾಲದಲ್ಲಿ ನರ್ಸರಿ, ಬೇಲಿ, ಯಂತ್ರಗಳ ರಿಪೇರಿ. ಕಳೆ ಕೊಚ್ಚುವ ಯಂತ್ರ, ಮರ ಕಡಿಯುವ ಯಂತ್ರ ಅವರ ಕೈಗೆ ಕೊಟ್ಟರೆ ಅದು 'ಕೂಲಿ' ಅನ್ನಿಸುವುದಿಲ್ಲ. ಹುಡುಗರಿಗೆ ಬೆವರಿನ ಮೇಲೆ ಸಿಟ್ಟಿಲ್ಲ, ಆ ಪದದ ಮೇಲೆ ಸಿಟ್ಟಿದೆ. ಖರ್ಚು ಜಾಸ್ತಿಯಾಗುತ್ತದೆ, ನಿಜ. ಉದುರಿದ ಹಣ್ಣಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡಿ.

ಆನೆಯ ಮಾತನ್ನು ನೀವು ಬರೆದಿಲ್ಲ, ನಾನೇ ಹೇಳುತ್ತೇನೆ. ಬೆಳಗ್ಗೆ ಆರಕ್ಕೆ ಕಾಡಾನೆ ನಿಂತಿರುವ ತೋಟಕ್ಕೆ ನಡೆದುಕೊಂಡು ಬಾ ಅಂದರೆ ಯಾರೂ ಬರುವುದಿಲ್ಲ. ಕೆಲಸಕ್ಕೆ ಇಳಿಯುವ ಮೊದಲು ತೋಟ ಸುತ್ತಿ ನೋಡಿ. ಗಾಡಿಯಲ್ಲಿ ಕರೆತನ್ನಿ.

ಐ.ಟಿ.ಐ. ಎಲೆಕ್ಟ್ರಿಷಿಯನ್ ಮಾಡಿದ್ದೇನೆ. ಕೊಡಗಿಗೆ ಯಾಕೆ ದೊಡ್ಡ ಫ್ಯಾಕ್ಟರಿ ಬರಲ್ಲ? ಮೈಸೂರಿಗೆ ಹೋಗೋದೇ ಒಳ್ಳೆಯದಾ? (ಗೋಣಿಕೊಪ್ಪದ ಓದುಗ)

ರೈಲಿಲ್ಲದ ಜಿಲ್ಲೆ ನಮ್ಮದು. ಸುತ್ತ ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಕಾಡು. ಸಮತಟ್ಟು ಜಾಗ ಅಂದರೆ ಕುಶಾಲನಗರ ಕಡೆ ಮಾತ್ರ. ದೊಡ್ಡ ಫ್ಯಾಕ್ಟರಿಗಾಗಿ ಕಾಯಬೇಡಿ.

ಮೈಸೂರಿಗೆ ಹೋಗಿ, ಆದರೆ ಅಪ್ರೆಂಟಿಸ್ ಆಗಿ ಹೋಗಿ. ಅನುಭವದ ಪತ್ರ ತೆಗೆದುಕೊಂಡು, ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿ. ಆಮೇಲೆ ವಾಪಸ್ ಬರುವ ಯೋಚನೆ ಮಾಡಬಹುದು. ಇಲ್ಲಿ ಪ್ರತಿ ತೋಟದಲ್ಲೂ ಪಂಪ್‌ಸೆಟ್, ಪಲ್ಪರ್ ಮೋಟರ್, ಸೋಲಾರ್ ಬೇಲಿ ಇದೆ. ಪ್ರತಿ ರೆಸಾರ್ಟ್‌ನಲ್ಲೂ ಜನರೇಟರ್, ಗೀಸರ್ ಇದೆ. ರಿಪೇರಿಗೆ ಕುಶಾಲನಗರದಿಂದಲೋ ಮೈಸೂರಿನಿಂದಲೋ ಜನ ಬರುವವರೆಗೆ ಎರಡು ದಿನ ಕಾಯುವ ಊರುಗಳು ಬೇಕಾದಷ್ಟಿವೆ.

ಮೇಲಿನ ಮೂವರಿಗೂ ಇಲ್ಲದ ಒಂದು ಅನುಕೂಲ ನಿಮಗಿದೆ. ಮರ ಬಿದ್ದು, ತಂತಿ ಹರಿದು, ಊರಿಗೂರೇ ಕತ್ತಲಾಗುವುದು ಮಳೆಗಾಲದಲ್ಲಿ. ವಿದ್ಯುತ್ ಕಂಪನಿ ಚೆಸ್ಕಾಂನವರು ಕಂಬ ನಿಲ್ಲಿಸಿ ಹೋಗುತ್ತಾರೆ, ಮನೆಯೊಳಗೆ ಸುಟ್ಟ ಮೋಟರ್, ಒದ್ದೆಯಾದ ವೈರಿಂಗ್ ನಿಮ್ಮ ಕೆಲಸ. ಬೇರೆಯವರೆಲ್ಲ ಜುಲೈ ಅಂದರೆ ಹೆದರುತ್ತಾರೆ. ನೀವು ಒಂದು ಒಳ್ಳೆಯ ರೇನ್‌ಕೋಟ್, ಇನ್ಸುಲೇಟೆಡ್ ಗ್ಲೌಸ್ ತೆಗೆದಿಟ್ಟುಕೊಳ್ಳಿ. ಮತ್ತೆ ಆ ತಿಂಗಳು ಫೋನ್ ಸ್ವಿಚ್ ಆಫ್ ಮಾಡಬೇಡಿ.